ಅರ್ತು ಸಿಗ್ತಿಲ್ಲ

ಸಂಜಯ ಸರ್ಕಲ್ಲಿನಲ್ಲಿ ಪೇದೆ ಬಾನೆಟ್ಟು ತಟ್ಟಿ ಹೇಳಿದ್ದ:
ಮೇಡಂ, ಹಿಂದ್ಗಡೆ ಎಡದ ದೀಪ ಸತ್ತದೆ.
ನನ್ನ ಬೆನ್ನು ನನಗೆಲ್ಲಿ ಕಾಣುತ್ತದೆ?
ಎಷ್ಟು ದಿನದಿಂದ ಹಾಗೇ ಓಡಾಡಿದೆನೋ
ಕಬ್ಬಿನ ಗಾಡಿಗಳ ಹಿಂದೆ, ಮುಂದೆ,
ದೀಪವಿಲ್ಲದ ಗಾಡಿಯವರನ್ನು ಬೈದುಕೊಂಡೇ.

ಭಾನುವಾರ ಸಂಜೆ. ಫ್ಯಾಕ್ಟರಿ ಕಡೆಯಿಂದ ಕಾಕಂಬಿ ವಾಸನೆ.
ಸ್ವರ್ಣಸಂದ್ರದ ಮನೆಯಂಗಳದಲ್ಲಿ
ಡಿಕ್ಕಿ ತೆಗೆದು, ಕಾರ್ಪೆಟ್ಟು ಸುರುಳಿ ಸುತ್ತಿ,
ಎರಡು ನಟ್ಟು ಬಿಚ್ಚಿ, ಒಂದು ತೂಬಿನೊಳಗೆ ಉರುಳಿಹೋಗಿ,
ಕೂತಿದ್ದೇನೆ,
ಹತ್ತೊಂಬತ್ತು ವರ್ಷ ಹತ್ತನೇ ಕ್ಲಾಸಿಗೆ
ವಿದ್ಯುತ್ತಿನ ಪಾಠ ಮಾಡಿದವಳು.
ಬೋರ್ಡಿನ ಮೇಲೆ ಬಲ್ಬೆಂದರೆ ಒಂದು ಸೊನ್ನೆ, ಒಳಗೊಂದು ಇಂಟು.
ಕೈಯಲ್ಲಿ ಬಲ್ಬೆಂದರೆ
ಬೆವರಿಗೆ ಜಾರುವ, ಹಿತ್ತಾಳೆ ಸೊಂಟದ,
ಒಂದೇ ಗಾಜಿನೊಳಗೆ ಎರಡು ಎಳೆ:
ಒಂದು, ರಾತ್ರಿಯಿಡೀ ಮಂದ ಉರಿಯಲಿಕ್ಕೆ,
ಇನ್ನೊಂದು, ನಿಲ್ತಿದೀನಿ ಅನ್ನಲಿಕ್ಕೆ.
ಸೊಂಟದ ಎರಡು ಮೊಳೆ ಒಂದೇ ಮಟ್ಟದಲ್ಲಿಲ್ಲ;
ತಪ್ಪಾಗಿ ಸಿಕ್ಕಿಸಲು ಬಿಡದಷ್ಟು
ಜಾಣತನ ಯಾರೋ ಅದಕ್ಕೆ ಕಲಿಸಿದ್ದಾರೆ.

ಹೊಸದು ಹಾಕಿದೆ, ಅರವತ್ತು ರೂಪಾಯಿ. ಫ್ಯೂಸು ನೋಡಿದೆ, ಸರಿಯಿತ್ತು.
ಬ್ರೇಕಿನ ಮೇಲೊಂದು ಇಟ್ಟಿಗೆ ಇಟ್ಟೆ, ಜಾರಿತು.
ಸೀಟಿಗೂ ಪೆಡಲಿಗೂ ನಡುವೆ ಛತ್ರಿ ಒತ್ತುಕೊಟ್ಟು
ಹಿಂದಕ್ಕೆ ಓಡಿ ಬರುವಷ್ಟರಲ್ಲಿ
ಅದೂ ಜಾರಿತು.

"ಎಡುದ್ದು ಇಂಡಿಕೇಟ್ರೂ ಮಿಣಮಿಣ ಅಂತದೆ ಕಣ್ಮೇಡಂ."

ಮೋಟುಗೋಡೆಯಾಚೆ ಬೋರಲಿಂಗಯ್ಯ.
ಏಳು ತಿಂಗಳಾಗಿತ್ತು ಆ ದನಿ ನನ್ನ ಕಡೆ ತಿರುಗಿ.
ಅವರ ನುಗ್ಗೆಯ ಕೊಂಬೆ, ನಮ್ಮ ಕಾರಿನ ಮೇಲೆ ಕಂಬಳಿಹುಳು,
ಅವರು ಮನೆಯಲ್ಲಿಲ್ಲದ ಹೊತ್ತು ನೋಡಿ
ನಾನು ಕರೆಸಿದ ಕೊಡಲಿಯವನು.

"ಬಲ್ಬಲ್ಲ ಅದು. ಅರ್ತು ಸಿಗ್ತಿಲ್ಲ."

ಅರ್ಥ ಎಂದು ಕೇಳಿಸಿತು ನನಗೆ.
ದಿನಕ್ಕೆ ನಲವತ್ತು ಸಲ ಅರ್ಥ ಆಯ್ತಾ ಎಂದು ಕೇಳುವ ಬಾಯಿ
ತೆರೆದೇ ಇತ್ತು.
ಬಾಯ್ಲರ್ ಮನೆಯಲ್ಲಿ ಮೂವತ್ತು ವರ್ಷ ಬೆಂದ ಮನುಷ್ಯ
ನನ್ನನ್ನು ಬಿಟ್ಟು ಕಾರಿಗೆ ಹೇಳುವಂತೆ ಹೇಳಿದರು:
ಬಂದ ಕರೆಂಟು ವಾಪಸ್ ಹೋಗಕ್ಕೊಂದು ದಾರಿ ಬೇಕು.
ಇದ್ರ ದಾರಿ ತುಕ್ಕು ಹಿಡದದೆ. ಇನ್ನೇನ್ ಮಾಡಾತು,
ಪಕ್ಕದ ಮನೆಗೆ ನುಗ್ಗಿ ಹೊಯ್ತದೆ.

ಪಾಠದಲ್ಲಿ ಇದಿತ್ತು.
ಮೂರು ಗೆರೆ, ಒಂದಕ್ಕಿಂತ ಒಂದು ಗಿಡ್ಡ.
ಎಷ್ಟು ಸಲ ಎಳೆದಿಲ್ಲ, ಎಷ್ಟು ಸಲ ಒರೆಸಿಲ್ಲ.

ಹುಣಸೆಹಣ್ಣು ತರಲಾ ಎಂದೆ, ದೇವರ ಸಾಮಾನು ಬೆಳಗುವವಳು.
ನಕ್ಕರೋ, ಕೆಮ್ಮಿದರೋ. "ಹುಳಿ ಆಮ್ಯಾಕೆ ತಿಂದಾಕ್ತದೆ."
ಜೇಬಿನ ಬೆಂಕಿಪೊಟ್ಟಣದ
ಗೀರುವ ಬದಿ ಹರಿದು ಗೋಡೆಯ ಮೇಲಿಟ್ಟರು.
ಕೈಗೆ ಕೊಡಲಿಲ್ಲ.
ಉಜ್ಜಿದೆ ಕಪ್ಪು ತಂತಿಯ ಕೊನೆ,
ಅದು ಕಚ್ಚಿಕೊಂಡಿದ್ದ ತಗಡು,
ಹಸಿರು ಪುಡಿ ಉದುರಿ, ಕೆಂಪು ಪುಡಿ ಉದುರಿ,
ಉಗುರಗಲ ಬೆಳ್ಳಗೆ ಹೊಳೆಯುವವರೆಗೆ.
ಬೆರಳ ಸಂದಿಯಲ್ಲಿ ದೀಪಾವಳಿಯ ಮಾರನೆಯ ದಿನದ ವಾಸನೆ.

ಸುತ್ತು ಹಾಕಿ ಗೇಟಿನಿಂದ ಬಂದರು.
ಮಂಡಿನೋವಿನ ಕಾಲನ್ನು ಕೈಯಿಂದಲೇ ಎತ್ತಿ ಒಳಗಿಟ್ಟು
ಡ್ರೈವರ್ ಸೀಟಿನಲ್ಲಿ ಕೂತರು,
ಚಪ್ಪಲಿ ಹೊರಗೆ ಬಿಟ್ಟು, ಮನೆಯೊಳಗೆ ಹೋಗುವವರ ಹಾಗೆ.
ಒತ್ತಿದರು.

ಎಡ. ಬಲ. ಎರಡೂ.
ಅವರ ಗೋಡೆಯ ಸುಣ್ಣದ ಮೇಲೆ ಕೆಂಪು,
ಕಡಿದ ಕೊಂಬೆಯ ಮೊಂಡಿನ ಮೇಲೂ;
ಅದಕ್ಕೆ ಸಗಣಿ ಮೆತ್ತಿ, ಹಳೇ ಪಂಚೆಯ ಚೂರು ಸುತ್ತಿ
ದಾರ ಕಟ್ಟಿದ್ದು
ಈ ಬೆಳಕಲ್ಲಿ ಕಂಡಿತು.

"ಬಿಡ್ಲಾ?" ಎಂದರು ಒಳಗಿಂದ.

ಒಂದು ಮಾತಿತ್ತು. ನಾಲಿಗೆಯ ತುದಿಗೂ ಬಂದಿತ್ತು.
"ಇನ್ನೊಂದ್ಸಲ ಒತ್ತಿ" ಎಂದೆ.
ಯಾಕೆ ಅಂತ ಕೇಳಲಿಲ್ಲ. ಒತ್ತಿದರು.

ತೂಬಿಗೆ ಬಿದ್ದ ನಟ್ಟಿನ ಜಾಗದಲ್ಲಿ
ಇವತ್ತಿಗೂ ತಂತಿ ಸುತ್ತಿದೆ.